ಕಲಬುರಗಿಯ ಬಿಸಿಲಲ್ಲಿ ನಾಲ್ಕು ವರ್ಷ: ಮಾಡ್ ಹಾಕಿದ ಸ್ಕೈರಿಮ್ ಮತ್ತು ನನ್ನ ಲ್ಯಾಪ್‌ಟಾಪ್

ಈ ಗೇಮಿಂಗ್ ಲ್ಯಾಪ್‌ಟಾಪ್ ಕೊಂಡದ್ದು 2021ರ ಜನವರಿಯಲ್ಲಿ. ಐ5-10300ಎಚ್ ಪ್ರೊಸೆಸರ್, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್, 15.6 ಇಂಚಿನ ಪರದೆ. 8 ಜಿಬಿ ಇದ್ದ ರ‍್ಯಾಮ್ ಅನ್ನು ಆಮೇಲೆ 16ಕ್ಕೆ ಏರಿಸಿದೆ. ಕಂಪನಿಯ ಹೆಸರು ಬೇಡ. ಈ ಬೆಲೆಯ ಯಂತ್ರಗಳ ಒಳರಚನೆ ಹೆಚ್ಚುಕಡಿಮೆ ಒಂದೇ ಬಗೆಯದು, ಹಾಗಾಗಿ ನನ್ನ ಅನುಭವ ಬೇರೆಯವರಿಗೂ ಹೊಂದಬಹುದು.

ನಾನು ಹೆಚ್ಚಾಗಿ ಆಡುವುದು ಸ್ಕೈರಿಮ್ ಸ್ಪೆಷಲ್ ಎಡಿಷನ್ ಎಂಬ ಕಂಪ್ಯೂಟರ್ ಆಟ. 2016ರ ಆಟ, ಹಾಗೆಯೇ ಆಡಿದರೆ ಈ ಯಂತ್ರಕ್ಕೆ ಏನೂ ಭಾರವಲ್ಲ. ಆದರೆ ಹೊಸ ಮರಗಿಡ, ಹೊಸ ಹವಾಮಾನ, ಹಿಗ್ಗಿಸಿದ ಊರುಗಳು, ಬೆಳಕು ನೆರಳನ್ನು ತಿದ್ದುವ ಇಎನ್‌ಬಿ ಎಂದು ಸೇರಿಸುತ್ತ ಹೋಗಿ ಇನ್ನೂರಕ್ಕೂ ಹೆಚ್ಚು ಮಾಡ್‌ಗಳಾದವು (ಮಾಡ್ ಎಂದರೆ ಆಟವನ್ನು ಬದಲಿಸಲು ಆಟಗಾರರೇ ತಯಾರಿಸಿ ಹಂಚುವ ಸೇರ್ಪಡೆ). ಮೊದಲ ಎರಡು ತಿಂಗಳು ಚಳಿಗಾಲದ ಕೊನೆ, ಎಲ್ಲವೂ ಸರಿಯಿತ್ತು.

ಏಪ್ರಿಲ್ ಬಂತು. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ, ನನ್ನ ಕೋಣೆಯೋ ಮೇಲಿನ ಮಹಡಿಯಲ್ಲಿ, ಬಿಸಿಲು ಕುಡಿದ ತಾರಸಿಯ ಕೆಳಗೆ. ಒಂದು ಮಧ್ಯಾಹ್ನ ಆಡುತ್ತಿದ್ದಾಗ ಪರದೆ ಕಪ್ಪಾಯಿತು, ಅದೇ ಕ್ಷಣ ಫ್ಯಾನಿನ ಸದ್ದೂ ನಿಂತಿತು. ಕೀಲಿಮಣೆಯ ಮೇಲಂಚಿಗೆ ಬೆರಳು ಇಡಲಾಗುತ್ತಿರಲಿಲ್ಲ. ಆ ವಾರದಲ್ಲಿ ನಾಲ್ಕು ಸಲ ಹೀಗಾಯಿತು. ತಪ್ಪು ಮಾಡ್‌ಗಳದ್ದೇ ಎಂದುಕೊಂಡು ಒಂದೊಂದನ್ನೇ ತೆಗೆಯುತ್ತ ಹೋದೆ.

ನಾನು ಮಾಡಿದ ದೊಡ್ಡ ತಪ್ಪು ಅದೇ. ಸ್ಕ್ರಿಪ್ಟ್ (ಆಟದೊಳಗೆ ಓಡುವ ಪುಟ್ಟ ಪ್ರೋಗ್ರಾಮ್) ಇರುವ ಮಾಡ್ ಅನ್ನು ಆಟದ ನಡುವೆ ತೆಗೆದರೆ ಅದರ ಚೂರುಗಳು ಆಟ ಎಲ್ಲಿಗೆ ಬಂತೆಂದು ಉಳಿಸಿಡುವ ಸೇವ್ ಕಡತದಲ್ಲಿ ಉಳಿದುಬಿಡುತ್ತವೆ. ಹೀಗೆ ಬಿಸಿಗೆ ಮಾಡಿದ ಮದ್ದಿನಿಂದ ಇನ್ನೊಂದು ಕಾಯಿಲೆ ಹುಟ್ಟಿತು: ಆಟದೊಳಗಿನ ವೈಟ್‌ರನ್ ಊರಿನ ಸಂತೆಗೆ ಕಾಲಿಟ್ಟರೆ ಸಾಕು, ಯಾವ ಸಂದೇಶವೂ ಇಲ್ಲದೆ ಆಟ ಮುಚ್ಚಿ ಡೆಸ್ಕ್‌ಟಾಪ್ ಕಾಣಿಸುತ್ತಿತ್ತು. 110 ಗಂಟೆ ಆಡಿದ್ದ ಸೇವ್ ಕೈಬಿಡಬೇಕಾಯಿತು. ಆ ಪಾತ್ರವನ್ನು ನಾನು ತುಂಬ ಹಚ್ಚಿಕೊಂಡಿದ್ದೆ. ಇಂದಿಗೂ ನೆನೆದರೆ ಬೇಸರವಾಗುತ್ತದೆ.

ಎರಡು ಕಾಯಿಲೆಗಳನ್ನು ಬೇರೆ ಮಾಡಿ ನೋಡಲು ಕಲಿತದ್ದು ಆಮೇಲೆ. ಇಡೀ ಯಂತ್ರ ಆರಿಹೋದರೆ ಮೊದಲ ಅನುಮಾನ ಬಿಸಿಯ ಮೇಲೆ ಅಥವಾ ವಿದ್ಯುತ್ತಿನ ಮೇಲೆ. ಆಟ ಮಾತ್ರ ಮುಚ್ಚಿ ಯಂತ್ರ ನಡೆಯುತ್ತಲೇ ಇದ್ದರೆ ಮೊದಲು ಮಾಡ್‌ಗಳನ್ನು ನೋಡಬೇಕು. ಯಂತ್ರದಲ್ಲಿ ನಡೆದದ್ದನ್ನು ದಾಖಲಿಸಿ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಸಿಗುತ್ತದೆ, ಆದರೆ ಯಂತ್ರ ಸರಿಯಾಗಿ ಮುಚ್ಚದೆ ನಿಂತಿತು ಎಂದಷ್ಟೇ ಅದು ಹೇಳುತ್ತದೆ, ಕಾರಣ ಹೇಳುವುದಿಲ್ಲ. ನನಗೆ ಉತ್ತರ ಕೊಟ್ಟದ್ದು ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ. ಆಡುವಾಗ ಅದು ಎರಡೆರಡು ಸೆಕೆಂಡಿಗೆ ತಾಪಮಾನವನ್ನು ಕಡತಕ್ಕೆ ಬರೆಯುವಂತೆ ಮಾಡಿಟ್ಟೆ. ಯಂತ್ರ ಆರಿದ ಮೇಲೆ ತೆರೆದು ನೋಡಿದರೆ ಕೊನೆಯ ಸಾಲುಗಳಲ್ಲಿ 97, 99, 100, 100, ಅಷ್ಟೇ. ಈ ಪ್ರೊಸೆಸರ್‌ನ ಮಿತಿ 100 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಗಲೂ ಬಿಸಿ ಹೊರಹೋಗದಿದ್ದರೆ ಯಂತ್ರ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗಿಬಿಡುತ್ತದೆ.

ಸರ್ವಿಸ್ ಸೆಂಟರಿನಲ್ಲಿ "ಗೇಮಿಂಗ್ ಲ್ಯಾಪ್‌ಟಾಪ್ ಎಂದ ಮೇಲೆ ಬಿಸಿ ಆಗಿಯೇ ಆಗುತ್ತದೆ ಸರ್" ಎಂದರು. ವಿಂಡೋಸ್ ಹೊಸದಾಗಿ ಹಾಕಿ, ಹಣ ಪಡೆದು, ಹಿಂಬದಿ ಬಿಚ್ಚದೆಯೇ ಕೊಟ್ಟರು. ವಾರಂಟಿ ಮುಗಿದ ಮೇಲೆ ನಾನೇ ಬಿಚ್ಚಿದೆ. ಫ್ಯಾನಿಗೂ ತಾಮ್ರದ ಕೊಳವೆಯ ತುದಿಯ ತೆಳು ರೆಕ್ಕೆಗಳಿಗೂ ನಡುವೆ ಧೂಳು ಮತ್ತು ಹಾಸಿಗೆಯ ಹತ್ತಿ ಸೇರಿ ಕಂಬಳಿ ತುಂಡಿನಂತೆ ಗಟ್ಟಿಯಾಗಿ ಕೂತಿತ್ತು. ಚಿಮುಟದಿಂದ ಎಳೆದರೆ ಒಂದೇ ಪಟ್ಟಿಯಾಗಿ ಎದ್ದು ಬಂತು. ಗಾಳಿ ಹೋಗಲು ದಾರಿಯೇ ಇರಲಿಲ್ಲ! ಪ್ರೊಸೆಸರ್ ಮೇಲಿನ, ಅದರ ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದಂತೆ ಉದುರುತ್ತಿತ್ತು. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಫ್ಯಾನನ್ನು ಬೆರಳಿನಿಂದ ಒತ್ತಿ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ತೆಗೆದೆ, ಹೊಸ ಪೇಸ್ಟ್ ಹಚ್ಚಿದೆ. ಅದೇ ಆಟ, ಅದೇ ಜಾಗದಲ್ಲಿ 11 ಡಿಗ್ರಿ ಇಳಿಯಿತು. ಅಂದಿನಿಂದ ಪ್ರತಿ ಫೆಬ್ರವರಿಯಲ್ಲಿ ಬಿಚ್ಚುತ್ತೇನೆ.

ಸುಮಾರು 1,800 ರೂಪಾಯಿಯ ಕೂಲಿಂಗ್ ಪ್ಯಾಡ್ ತಂದೆ. ಎರಡು ಡಿಗ್ರಿ ಇಳಿಯಿತು. ಹಿಂಬದಿಗೆ ಮರದ ತುಂಡು ಕೊಟ್ಟು ಎತ್ತಿದರೂ ಅಷ್ಟೇ ಇಳಿಯುತ್ತದೆ, ತರಬೇಡಿ.

ನಿಜವಾದ ಲಾಭ ಸಿಕ್ಕಿದ್ದು ಖರ್ಚಿಲ್ಲದ ಎರಡು ಕೆಲಸಗಳಿಂದ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು 100ರಿಂದ 99 ಶೇಕಡಾಕ್ಕೆ ಇಳಿಸಿದೆ. ಅಷ್ಟಕ್ಕೇ ಟರ್ಬೊ ನಿಲ್ಲುತ್ತದೆ, 4.5 ಗಿಗಾಹರ್ಟ್ಸ್‌ವರೆಗೆ ಜಿಗಿಯುವ ಪ್ರೊಸೆಸರ್ 2.5ರ ಆಸುಪಾಸಿನಲ್ಲಿ ಉಳಿಯುತ್ತದೆ. ಆಟದ ಊರುಗಳಲ್ಲಿ ಫ್ರೇಮ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳು) ಕಡಿಮೆಯಾದರೂ ಆಡಲು ತೊಂದರೆಯಿಲ್ಲ. ಇನ್ನೊಂದು, ಫ್ರೇಮ್‌ಗೆ ಮಿತಿ ಹಾಕುವುದು. ಈ ಆಟದಲ್ಲಿ ವಸ್ತುಗಳ ಚಲನೆ ಫ್ರೇಮ್ ವೇಗಕ್ಕೆ ಕಟ್ಟಿಕೊಂಡಿರುವುದರಿಂದ 60 ದಾಟಿದರೆ ಮೇಜಿನ ಮೇಲಿನ ತಟ್ಟೆ ಲೋಟಗಳು ತಾವಾಗಿಯೇ ಹಾರುತ್ತವೆ. ಚಳಿಗಾಲದಲ್ಲಿ 60, ಬೇಸಿಗೆಯಲ್ಲಿ 45 ಇಡುತ್ತೇನೆ. ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳಾದ ಟೆಕ್ಸ್ಚರ್‌ಗಳನ್ನು 4ಕೆಯಿಂದ 2ಕೆಗೆ ಇಳಿಸಿದ್ದರಿಂದ ಬಿಸಿ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ, ಆದರೆ 4 ಜಿಬಿ ಗ್ರಾಫಿಕ್ಸ್ ಮೆಮೊರಿ ತುಂಬಿ ಆಟ ತಡವರಿಸುವುದು ನಿಂತಿತು.

ಆಟ ಮಾತ್ರ ಮುಚ್ಚುವ ಕಾಯಿಲೆಗೆ ಕ್ರ್ಯಾಶ್ ಲಾಗರ್ ಮಾಡ್ ಹಾಕಿಕೊಳ್ಳಿ. ಆಟ ಮುಚ್ಚಿದ ಪ್ರತಿ ಸಲವೂ ಅದು ಒಂದು ಪಠ್ಯ ಕಡತ ಬರೆದಿಡುತ್ತದೆ. ಒಂದೇ ಹೆಸರು ಮೂರು ಕಡತಗಳಲ್ಲಿ ಬಂದರೆ ಕಳ್ಳ ಬಹುತೇಕ ಸಿಕ್ಕಂತೆ. ನನಗೆ ಸಿಕ್ಕಿದ್ದು ಆಟದೊಳಗಿನ ಅಂಗಡಿಯೊಂದರ ಮಾಡ್‌ನಲ್ಲಿದ್ದ ಕೆಟ್ಟುಹೋದ 3ಡಿ ಆಕಾರದ ಕಡತ. ಅದನ್ನು ತೆಗೆದದ್ದು ಹೊಸ ಆಟ ಶುರುಮಾಡುವ ಮೊದಲು.

ಯಂತ್ರದ ಬಗ್ಗೆ ಹೇಳುವುದಾದರೆ ಕೀಲಿಮಣೆ, ಪರದೆ ಇನ್ನೂ ಗಟ್ಟಿಮುಟ್ಟು. ಬ್ಯಾಟರಿ ಒಂದು ಗಂಟೆಯೂ ಬಾಳುವುದಿಲ್ಲ. ನಮ್ಮಂಥ ಊರಿನಲ್ಲಿ ಮಾಡ್ ಹಾಕಿ ಆಡುವವರು ಕೊಳ್ಳುವ ಮೊದಲು ಲ್ಯಾಪ್‌ಟಾಪನ್ನು ತಿರುವಿ ನೋಡಿ: ಬಿಸಿಗಾಳಿ ಹೋಗುವ ಕಿಂಡಿ ಎಷ್ಟಿವೆ, ಹಿಂಬದಿ ಮಾಮೂಲಿ ಸ್ಕ್ರೂಡ್ರೈವರಿನಲ್ಲಿ ಬಿಚ್ಚಲು ಬರುತ್ತದೆಯೇ. ನನ್ನದರಲ್ಲಿ ಬಿಸಿಗಾಳಿಗೆ ಇರುವುದು ಒಂದೇ ಕಿಂಡಿ. ಮತ್ತೆ ಕೊಂಡರೆ ಎರಡಿರುವುದನ್ನೇ ಕೊಳ್ಳುತ್ತೇನೆ.

ಮೊನ್ನೆ ಮೇ ತಿಂಗಳ ಮಧ್ಯಾಹ್ನ ಹೊಸ ಪಾತ್ರವನ್ನು ವೈಟ್‌ರನ್ ಸಂತೆಯಲ್ಲಿ ನಿಲ್ಲಿಸಿ ಅರ್ಧ ಗಂಟೆ ಸುಮ್ಮನೆ ನೋಡಿದೆ. 45 ಫ್ರೇಮ್, 83 ಡಿಗ್ರಿ. ಮಾಂಸದಂಗಡಿಯವನು ಕೂಗುತ್ತಲೇ ಇದ್ದ.