ಹಳೆಯ ಮದರ್‌ಬೋರ್ಡಿಗೆ ಯಾವ ಸೋಲ್ಡರಿಂಗ್ ಐರನ್? ಗಂಗಾವತಿಯ ಕಾಟಾ ಕೋಣೆಗಳಲ್ಲಿ ನಾಲ್ಕನ್ನು ಬಳಸಿ ನೋಡಿದ್ದು

ನನ್ನ ಪಕ್ಷ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್ ಚಾರ್ಜರಿನಿಂದ ಕಾಯುವ, ಪೆನ್ನಿನ ಗಾತ್ರದ ‘ಪೈನ್‌ಸಿಲ್’ ಐರನ್. ಅದರ ಜೊತೆಗೆ ಇಪ್ಪತ್ತೈದು ವಾಟಿನ ಸಾಧಾರಣ ಐರನ್, ಅರವತ್ತು ವಾಟಿನದು, ಉಷ್ಣತೆ ಹೊಂದಿಸುವ ಸೋಲ್ಡರಿಂಗ್ ಸ್ಟೇಷನ್ ಮೂರೂ ನನ್ನಲ್ಲಿವೆ. ಮೂರನ್ನೂ ಮಾರಿಲ್ಲ, ಬಿಸಾಕಿಲ್ಲ. ಆದರೆ ಬೈಕಿನ ಬ್ಯಾಗಿಗೆ ಹೋಗುವುದು ಪೆನ್ನು ಮಾತ್ರ.

ಹಳೆಯ ಕಂಪ್ಯೂಟರು ಬೆಂಗಳೂರಿನವರಿಗೆ ಹವ್ಯಾಸದ ವಸ್ತು ಇರಬಹುದು. ಗಂಗಾವತಿ, ಕಾರಟಗಿ, ಶ್ರೀರಾಮನಗರದ ಕಡೆ ಅದು ದುಡಿಯುವ ಎತ್ತು. ರೈಸ್‌ಮಿಲ್ಲಿನ ಲಾರಿ ಕಾಟಾದಿಂದ ತೂಕದ ಅಂಕಿ ಬರುವುದು ಆರ್‌ಎಸ್-232 ಸೀರಿಯಲ್ ಪೋರ್ಟಿನ ಮೂಲಕ. ಅದನ್ನು ಓದುವ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿ ಕಾಲದ್ದು, ಕೆಲವೆಡೆ ಇನ್ನೂ ಹಿಂದಿನದು. ಅದರ ಪರವಾನಗಿಯ ಡಾಂಗಲ್ ಅನ್ನು, ಅಂದರೆ ಬೀಗದ ಕೈಯಂಥ ಪುಟ್ಟ ಸಾಧನವನ್ನು, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಬೇಕು. ಚಾಲಕನಿಗೊಂದು, ಮಿಲ್ಲಿಗೊಂದು, ದಲ್ಲಾಳಿಗೊಂದು ಎಂದು ಕಾರ್ಬನ್ ಪ್ರತಿಯ ಚೀಟಿಯನ್ನು ಒಂದೇ ಏಟಿಗೆ ಹೊಡೆಯಲು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೇ ಬೇಕು. ಮೈಕ್ರೋಸಾಫ್ಟ್ ಎಕ್ಸ್‌ಪಿಯ ಕೈಬಿಟ್ಟಿದ್ದು 2014ರ ಏಪ್ರಿಲ್‌ನಲ್ಲಿ. ಕಾಟಾದವರು ಇನ್ನೂ ಬಿಟ್ಟಿಲ್ಲ, ಬಿಡುವ ಲಕ್ಷಣವೂ ಇಲ್ಲ. ಸಾಫ್ಟ್‌ವೇರ್ ಹಾಕಿಕೊಟ್ಟವರು ಈಗ ಎಲ್ಲಿದ್ದಾರೋ ಯಾರಿಗೂ ತಿಳಿಯದು. ಆದ್ದರಿಂದ ಬೋರ್ಡು ಕೆಟ್ಟರೆ ಹೊಸ ಕಂಪ್ಯೂಟರ್ ತರುವ ಮಾತಿಲ್ಲ, ಇದ್ದದ್ದನ್ನೇ ಎಬ್ಬಿಸಬೇಕು. ಅದೂ ಸುಗ್ಗಿಯಲ್ಲಿ, ಭತ್ತದ ಟ್ರ್ಯಾಕ್ಟರುಗಳು ರಸ್ತೆಯವರೆಗೆ ಸಾಲುಗಟ್ಟಿರುವಾಗ. ಮನೆಗೆ ಒಯ್ದು ನಾಳೆ ತರುತ್ತೇನೆಂದರೆ, ‘ತಮ್ಮಾ, ಲಾರಿ ನಿಂತಿವೆ, ಇಲ್ಲಿಯೇ ಕುಳಿತು ಮಾಡು’ ಎನ್ನುತ್ತಾರೆ ಸಾಹುಕಾರರು.

ಈ ಬೋರ್ಡುಗಳು ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ: ಪ್ರೊಸೆಸರಿನ ಸುತ್ತ ನಿಂತ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳ (ಕರೆಂಟನ್ನು ಹಿಡಿದಿಟ್ಟು ಸಮವಾಗಿ ಕೊಡುವ ಪುಟ್ಟ ಡಬ್ಬಿಗಳ) ತಲೆ ಉಬ್ಬುತ್ತದೆ, ಕೆಲವು ಒಡೆದು ಕಂದು ಬಣ್ಣದ ದ್ರವ ಕಾರುತ್ತವೆ. 2000ರ ದಶಕದ ಮೊದಲರ್ಧದಲ್ಲಿ ಕೆಟ್ಟ ಎಲೆಕ್ಟ್ರೊಲೈಟ್ ತುಂಬಿದ ಕೆಪ್ಯಾಸಿಟರುಗಳು ಜಗತ್ತಿನ ತುಂಬ ಹರಡಿದ್ದವು. ಅದಕ್ಕೆ ನಮ್ಮ ಬಿಸಿಲೂ ಸೇರಿಕೊಳ್ಳುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಕೆಪ್ಯಾಸಿಟರಿನ ಆಯುಷ್ಯ ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಅಂದಾಜು ಲೆಕ್ಕ. ಏಪ್ರಿಲ್‌ನಲ್ಲಿ ಹೊರಗೆ ನಲವತ್ತು ದಾಟಿರುವಾಗ ತಗಡಿನ ಕಾಟಾ ಕೋಣೆಯ ಒಳಗೆ, ಅದರಲ್ಲೂ ಕ್ಯಾಬಿನೆಟ್ಟಿನ ಒಳಗೆ ಎಷ್ಟಿರುತ್ತದೆಂದು ನೀವೇ ಊಹಿಸಿ. ಹಾಗಾಗಿ ನಾನು ಹಾಕುವುದು 105 ಡಿಗ್ರಿಯ, ಕಡಿಮೆ ಇಎಸ್‌ಆರ್ (ಒಳಗಿನ ವಿದ್ಯುತ್ ತಡೆ) ಇರುವ ಕೆಪ್ಯಾಸಿಟರನ್ನು ಮಾತ್ರ. ಅಂಗಡಿಯಲ್ಲಿ 85 ಡಿಗ್ರಿಯದನ್ನು ಕೈಗಿತ್ತು ‘ಇದೂ ಅದೇ’ ಎಂದರೆ ಎದ್ದು ಬನ್ನಿ.

ಇನ್ನು ಪ್ರಾಣ ತಿನ್ನುವ ವಿಷಯಕ್ಕೆ ಬರೋಣ. ನಾಲ್ಕು ಐರನ್‌ಗಳಲ್ಲಿ ಯಾವುದು ಲೇಸು ಎಂಬುದು ತೀರ್ಮಾನವಾಗುವುದೇ ಇಲ್ಲಿ.

ಕೆಪ್ಯಾಸಿಟರಿಗೆ ಎರಡು ಕಾಲು. ಪ್ಲಸ್ ಕಾಲು ಯಾವ ಐರನ್ ಮುಟ್ಟಿಸಿದರೂ ಬಹುಮಟ್ಟಿಗೆ ಕರಗಿ ಬಿಡುತ್ತದೆ. ಮೈನಸ್ ಕಾಲು ಹಾಗಲ್ಲ. ಮದರ್‌ಬೋರ್ಡ್ ಸಾಮಾನ್ಯವಾಗಿ ನಾಲ್ಕು ಪದರದ್ದು. ಒಳಗಿನ ಒಂದು ಪದರ ಬೋರ್ಡಿನ ಉದ್ದಗಲಕ್ಕೂ ಹಾಸಿದ ತಾಮ್ರದ ಹಾಳೆ, ಅದೇ ಗ್ರೌಂಡ್. ಮೈನಸ್ ಕಾಲಿನ ತೂತು ಆ ಹಾಳೆಗೆ ಅಂಟಿಕೊಂಡಿರುತ್ತದೆ. ನೀವು ಐರನ್ನಿನಿಂದ ಕೊಟ್ಟ ಕಾವನ್ನೆಲ್ಲ ಆ ತಾಮ್ರ ಎಳೆದುಕೊಂಡು ಬೋರ್ಡಿನ ತುಂಬ ಹಂಚಿಬಿಡುತ್ತದೆ. ಮೇಲಿನ ಲೆಡ್ (ಬೆಸುಗೆಯ ಲೋಹಕ್ಕೆ, ಅದರಲ್ಲಿ ಸೀಸ ಇರಲಿ ಬಿಡಲಿ, ಈ ಕಸುಬಿನಲ್ಲಿ ಹೀಗೇ ಹೆಸರು) ಕರಗಿದಂತೆ ಹೊಳೆಯುತ್ತದೆ, ತೂತಿನ ಒಳಗಿನದು ಕಲ್ಲಾಗಿಯೇ ಉಳಿದಿರುತ್ತದೆ. ಅವಸರಪಟ್ಟು ಕೆಪ್ಯಾಸಿಟರನ್ನು ಅಲ್ಲಾಡಿಸಿ ಕಿತ್ತರೆ ತೂತಿನ ಒಳಗೋಡೆಯ ತಾಮ್ರದ ಲೇಪವೇ ಕಿತ್ತು ಬರುತ್ತದೆ. ಆಮೇಲೆ ಆ ಬೋರ್ಡನ್ನು ದೇವರೇ ಕಾಯಬೇಕು.

ಇದರ ಮೇಲೆ ಇನ್ನೊಂದು ತೊಡಕು. ಯುರೋಪಿನ ಸೀಸಮುಕ್ತ ನಿಯಮ 2006ರ ಜುಲೈನಲ್ಲಿ ಜಾರಿಗೆ ಬಂತು. ಆ ಹೊತ್ತಿನಿಂದೀಚಿನ ಬೋರ್ಡುಗಳಲ್ಲಿ ಹೆಚ್ಚಾಗಿ ಇರುವುದು ಸುಮಾರು 217 ಡಿಗ್ರಿಗೆ ಕರಗುವ ಸೀಸವಿಲ್ಲದ ಲೆಡ್. ಹಿಂದಿನ 63/37 (ತವರ 63, ಸೀಸ 37 ಪಾಲು) ಲೆಡ್ ಕರಗುತ್ತಿದ್ದದ್ದು 183ಕ್ಕೆ. ಕಾವು ಸೋರಿ ಹೋಗುವ ಕಾಲಿನಲ್ಲಿ ಈ ಮೂವತ್ತು ಚಿಲ್ಲರೆ ಡಿಗ್ರಿ ಏನು ಮಾಡುತ್ತದೆಂಬುದು ಕುಳಿತು ಮಾಡಿದವರಿಗೇ ಗೊತ್ತು.

ಇಪ್ಪತ್ತೈದು ವಾಟಿನ ಐರನ್ ಇಲ್ಲಿ ಸೋಲುತ್ತದೆ, ಅದರ ಕುರಿತು ಹೆಚ್ಚು ಹೇಳುವುದಿಲ್ಲ. ರೇಡಿಯೊ, ಚಾರ್ಜರು, ವೈರಿನ ತುದಿ ಇಂಥವಕ್ಕೆ ಮುನ್ನೂರು ರೂಪಾಯಿಯೊಳಗೆ ಇದಕ್ಕಿಂತ ಒಳ್ಳೆಯದಿಲ್ಲ. ಮದರ್‌ಬೋರ್ಡಿನ ಗ್ರೌಂಡ್ ಕಾಲಿಗೆ ಇಟ್ಟರೆ ಅದರ ಬಿಟ್, ಅಂದರೆ ಕಾಯುವ ತುದಿಯೇ, ತಣ್ಣಗಾಗಿ ಬೋರ್ಡಿಗೆ ಅಂಟಿಕೊಂಡು ನಿಲ್ಲುತ್ತದೆ.

ಅರವತ್ತು ವಾಟಿನದಕ್ಕೆ ಶಕ್ತಿ ಇದೆ, ಬುದ್ಧಿ ಇಲ್ಲ. ಉಷ್ಣತೆಗೆ ಕಡಿವಾಣವಿಲ್ಲದ್ದರಿಂದ ಸ್ಟ್ಯಾಂಡಿನಲ್ಲಿ ಸುಮ್ಮನಿದ್ದಾಗ ಕಾಯುತ್ತಲೇ ಹೋಗುತ್ತದೆ. ಗ್ರೌಂಡ್ ಕಾಲನ್ನು ಗೆದ್ದು, ಅದೇ ಉಮೇದಿನಲ್ಲಿ ಪಕ್ಕದ ಸಣ್ಣ ಕಾಲಿಗೆ ಇಟ್ಟರೆ ಅಲ್ಲಿನ ಪ್ಯಾಡ್, ಅಂದರೆ ಬೋರ್ಡಿಗೆ ಅಂಟಿದ ತಾಮ್ರದ ಬಿಲ್ಲೆ, ಎದ್ದು ಬರುತ್ತದೆ. ಅಗ್ಗದ ಐರನ್ನಿನ ಬಿಟ್ ಬರೀ ತಾಮ್ರದ್ದಾದರೆ ಲೆಡ್ ಅದನ್ನು ತಿಂದು ತಿಂದು ಗುಳಿ ಬೀಳಿಸುತ್ತದೆ, ಆಗಾಗ ಅರದಿಂದ ಉಜ್ಜಬೇಕು. ಅದೇ ಅಭ್ಯಾಸದಲ್ಲಿ ಸ್ಟೇಷನ್ನಿನ ಬಿಟ್ಟಿಗೂ ಅರ ಹಾಕುವವರಿದ್ದಾರೆ. ಅದರ ಮೇಲಿನ ಕಬ್ಬಿಣದ ಲೇಪ ಹೋದರೆ ಬಿಟ್ ಸತ್ತಂತೆ.

ಸ್ಟೇಷನ್ ನನ್ನ ಮನೆಯ ಮೇಜಿನ ಮೇಲಿದೆ. ಹಾಕೊ 936 ಎಂಬ ಜಪಾನಿ ಸ್ಟೇಷನ್ನಿನ ಮಾದರಿಯನ್ನು ಅನುಕರಿಸಿದ್ದು, ಹೈದರಾಬಾದಿನ ಕೋಠಿಯಲ್ಲಿ ಕೊಂಡದ್ದು, ಸುಮಾರು ಎರಡು ಸಾವಿರ ಬಿತ್ತು. ಗಟ್ಟಿ ಸಾಮಾನು. ಅದರ ಜೊತೆ ಕೊಡುವ ಸೂಜಿಮೊನೆಯ ಬಿಟ್ ಮಾತ್ರ ಈ ಕೆಲಸಕ್ಕೆ ನಿಷ್ಪ್ರಯೋಜಕ. ಕಾವು ಹರಿಯಲು ಮೈಗೆ ಮೈ ತಾಗಬೇಕು, ಮೊನೆಯಲ್ಲಿ ತಾಗುವ ಮೈ ಎಲ್ಲಿದೆ? ಉಳಿಯ ಆಕಾರದ 2.4ಡಿ ಅಥವಾ 3.2ಡಿ ಬಿಟ್ (ಅಂಕಿ ಮಿಲಿಮೀಟರಿನಲ್ಲಿ ಅದರ ಅಗಲ) ಹಾಕಿದರೆ ಅದೇ ಸ್ಟೇಷನ್ ಬೇರೆಯದೇ ಯಂತ್ರವಾಗುತ್ತದೆ. ಬಹಳ ಮಂದಿ ಬಿಟ್ ಬದಲಿಸುವ ಬದಲು ಗುಂಡಿ ತಿರುಗಿಸಿ 450ಕ್ಕೆ ಏರಿಸುತ್ತಾರೆ. ಅದರಿಂದ ಫ್ಲಕ್ಸ್ (ಲೆಡ್ ಚೆನ್ನಾಗಿ ಹರಿದು ಹಿಡಿಯಲು ಹಚ್ಚುವ ಅಂಟು) ಸುಟ್ಟು ಕರಕಲಾಗುತ್ತದೆ, ಬಿಟ್ ಕಪ್ಪಾಗುತ್ತದೆ, ಕಾಲು ಹಾಗೇ ಇರುತ್ತದೆ. ನಾನು 360-380 ದಾಟುವುದಿಲ್ಲ. ಈ ಸ್ಟೇಷನ್ನಿನ ನಿಜವಾದ ಮಿತಿ ಇನ್ನೊಂದು: ಹೀಟರ್ ಬೇರೆ, ಅದರ ಮೇಲೆ ಟೊಪ್ಪಿಗೆಯಾಗಿ ಕೂರುವ ಬಿಟ್ ಬೇರೆ. ನಡುವಿನ ಸಂದಿ ದಾಟಿ ಕಾವು ಬರುವಷ್ಟರಲ್ಲಿ ತಾಮ್ರದ ಹಾಳೆ ಅದನ್ನು ನುಂಗಿರುತ್ತದೆ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಭಾರವೂ ಹೌದು. ಕಾರಟಗಿಗೆ ಬೈಕಿನ ಮೇಲೆ ಒಯ್ಯುವ ವಸ್ತುವಲ್ಲ.

ಪೈನ್‌ಸಿಲ್‌ನಲ್ಲಿ ಹೀಟರು, ಉಷ್ಣತೆ ಅಳೆಯುವ ಸೆನ್ಸರು ಎರಡೂ ಬಿಟ್ಟಿನ ಒಳಗೇ ಇವೆ. ಕಾಲಿಗೆ ಇಟ್ಟ ಕ್ಷಣ ಕಾವು ಕುಸಿದದ್ದು ಅದಕ್ಕೆ ಆಗಲೇ ತಿಳಿಯುತ್ತದೆ, ಆಗಲೇ ಹೆಚ್ಚು ಕೊಡುತ್ತದೆ. 12ರಿಂದ 24 ವೋಲ್ಟಿನವರೆಗೆ ನಡೆಯುತ್ತದೆ, ಆದರೆ ವೋಲ್ಟೇಜ್ ಎರಡು ಪಟ್ಟಾದರೆ ವಾಟ್ ನಾಲ್ಕು ಪಟ್ಟಾಗುವ ಲೆಕ್ಕ ಮರೆಯಬಾರದು. 12 ವೋಲ್ಟಿನ ಬ್ಯಾಟರಿಗೆ ಕಟ್ಟಿ ‘ಇದು ಕಾಯುವುದೇ ಇಲ್ಲ’ ಎನ್ನುವವರು ತಪ್ಪು ಹೇಳುತ್ತಿಲ್ಲ, ಅವರ ಬ್ಯಾಟರಿಗೆ ಅಷ್ಟೇ ತಾಕತ್ತು. 19, 20 ವೋಲ್ಟಿನ ಲ್ಯಾಪ್‌ಟಾಪ್ ಚಾರ್ಜರಿಗೆ ಹಾಕಿದರೆ ಟೀ ಲೋಟ ಕೆಳಗಿಡುವಷ್ಟರಲ್ಲಿ ತಯಾರು. ರಿಪೇರಿ ಮಾಡುವವರ ಮನೆಯಲ್ಲಿ ಸತ್ತ ಲ್ಯಾಪ್‌ಟಾಪುಗಳ ಚಾರ್ಜರಿಗೆ ಬರವೇ? ತುದಿಯ ಪಿನ್ 5.5×2.5 ಮಿಲಿಮೀಟರಿನದಾಗಿರಬೇಕು, ಒಳಗಡೆ ಪ್ಲಸ್. ಹೊಂದದಿದ್ದರೆ ಕತ್ತರಿಸಿ ಬೇರೆ ಪಿನ್ ಬೆಸೆದುಕೊಳ್ಳಿ.

ಈ ಐರನ್ನಿನ ಎರಡನೇ ಆವೃತ್ತಿಯ ಒಳಗಿರುವ ಚಿಪ್ 144 ಮೆಗಾಹರ್ಟ್ಸ್‌ನದು. 1993ರ ಮೊದಲ ಪೆಂಟಿಯಂ ಓಡುತ್ತಿದ್ದದ್ದು 60 ಮತ್ತು 66ರಲ್ಲಿ. ಯಾರು ಯಾರನ್ನು ರಿಪೇರಿ ಮಾಡುತ್ತಿದ್ದಾರೆಂದು ಒಮ್ಮೊಮ್ಮೆ ನಗು ಬರುತ್ತದೆ.

ಪೆನ್ನಿಗೂ ಒಂದು ಕೊರತೆ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಎರಡು ಪಿನ್ನಿನ ಚಾರ್ಜರಿಗೆ ಹಾಕಿದರೆ ಬೋರ್ಡಿನ ಲೋಹದ ಭಾಗಕ್ಕೆ ಮುಂಗೈ ತಾಗಿದಾಗ ಸಣ್ಣಗೆ ಜುಮ್ಮೆನ್ನುತ್ತದೆ. ಚಾರ್ಜರಿನ ಒಳಗಿನ ಸಣ್ಣ ಫಿಲ್ಟರ್ ಕೆಪ್ಯಾಸಿಟರ್ ಮೂಲಕ ಸೋರುವ ಕರೆಂಟ್ ಅದು. ಮನುಷ್ಯನಿಗೆ ಅಪಾಯ ಮಾಡುವಷ್ಟಿಲ್ಲ, ಹಳೆಯ ಚಿಪ್ಪುಗಳಿಗೆ ಒಳ್ಳೆಯದೂ ಅಲ್ಲ. ಮೂರು ಪಿನ್ನಿನ ಕೆಲವು ಚಾರ್ಜರುಗಳಲ್ಲಿ ಔಟ್‌ಪುಟ್ಟಿನ ಮೈನಸ್ಸನ್ನು ಅರ್ಥ್‌ಗೆ ಜೋಡಿಸಿರುತ್ತಾರೆ. ಚಾರ್ಜರನ್ನು ಸಾಕೆಟ್ಟಿನಿಂದ ತೆಗೆದು, ದಪ್ಪ ಅರ್ಥ್ ಪಿನ್ನಿನಿಂದ ಔಟ್‌ಪುಟ್ ಪಿನ್ನಿನ ಹೊರಮೈಗೆ ಮಲ್ಟಿಮೀಟರ್ ಹಿಡಿದು ನೋಡಿ. ಬೀಪ್ ಬಂದರೆ ಅಂಥದನ್ನೇ ಆರಿಸಿಕೊಳ್ಳಿ. ಗೋಡೆಯ ಸಾಕೆಟ್ಟಿನ ಮೂರನೇ ತೂತಿಗೂ ನಿಜವಾದ ಅರ್ಥ್ ಇರಬೇಕು. ಈ ವಿಷಯದಲ್ಲಿ ನಮ್ಮ ಮನೆಗಳಿಗಿಂತ ಮಿಲ್ಲುಗಳೇ ವಾಸಿ. ಅಲ್ಲಿ ದೊಡ್ಡ ಮೋಟಾರುಗಳಿಗಾಗಿ ಅರ್ಥ್ ಗುಂಡಿ ತೋಡಿ ನೀರು ಹಾಕುತ್ತಿರುತ್ತಾರೆ.

ಪೆನ್ನು ಬಂದ ಮಾತ್ರಕ್ಕೆ ಗ್ರೌಂಡ್ ಕಾಲು ತಾನಾಗಿ ಮಣಿಯುವುದಿಲ್ಲ. ನಾನು ಮಾಡುವುದು ಹೀಗೆ: ಮೊದಲು ಫ್ಲಕ್ಸ್, ಆಮೇಲೆ ಹೊಸ 63/37 ಲೆಡ್ ಧಾರಾಳವಾಗಿ. ಹಳೆಯದರೊಂದಿಗೆ ಅದು ಬೆರೆತರೆ ಕರಗುವ ಬಿಂದು ಇಳಿಯುತ್ತದೆ. ಉಳಿಯ ಬಿಟ್ಟನ್ನು ಅಡ್ಡ ಮಲಗಿಸಿ, ಬೆಳಕು ಬರುವ ಕಡೆ ಬೋರ್ಡನ್ನು ಓರೆ ಹಿಡಿದು, ತೂತಿನ ಎರಡೂ ಬದಿ ಮಿನುಗುವವರೆಗೆ ಕಾಯುತ್ತೇನೆ. ಒಂದು ಕಾಲು, ಇನ್ನೊಂದು ಕಾಲು ಎಂದು ಸ್ವಲ್ಪ ಸ್ವಲ್ಪವೇ ವಾಲಿಸಿ ಹೊರತರುತ್ತೇನೆ. ಬೇಸಿಗೆಯಲ್ಲಿ ಬೋರ್ಡನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟು ಆಮೇಲೆ ಕೂರುವುದೂ ಉಂಟು. ಪ್ರಿ-ಹೀಟರ್ ಎಂಬ ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಡುತ್ತಾರೆ, ನಮ್ಮೂರಲ್ಲಿ ಅರ್ಧ ಕೆಲಸ ಸೂರ್ಯನೇ ಮಾಡಿಕೊಡುತ್ತಾನೆ.

ತೂತಿನಲ್ಲಿ ಉಳಿದ ಲೆಡ್ ತೆಗೆಯಲು ಅದನ್ನು ಹೀರುವ ಪಂಪೋ, ತಾಮ್ರದ ಜಾಲರಿಯ ವಿಕ್ಕೋ? ಗ್ರೌಂಡ್ ಕಾಲಿಗೆ ಪಂಪೇ. ವಿಕ್ ತಾನೇ ತಾಮ್ರ, ಇದ್ದಷ್ಟು ಕಾವನ್ನು ತಾನೂ ಕುಡಿಯುತ್ತದೆ. ಸಮತಟ್ಟಾದ ಪ್ಯಾಡ್ ಒರೆಸಲು ಮಾತ್ರ ಅದು ಚೆನ್ನ. ಪಂಪಿಗೂ ಜಗ್ಗದಿದ್ದರೆ ಇಂಜೆಕ್ಷನ್ನಿನ ಹೊಸ ಸೂಜಿ. ಅದು ಸ್ಟೇನ್‌ಲೆಸ್ ಸ್ಟೀಲ್ ಆದ್ದರಿಂದ ಲೆಡ್ ಅಂಟುವುದಿಲ್ಲ. ಒಂದು ಬದಿಯಿಂದ ಕಾಯಿಸುತ್ತ ಇನ್ನೊಂದು ಬದಿಯಿಂದ ತೂರಿಸಿ ತಿರುಗಿಸುತ್ತಿದ್ದರೆ ತೂತು ಶುಚಿ.

ಉಳಿದ ಸಾಮಾನುಗಳ ಕುರಿತು ಚುಟುಕಾಗಿ. ದೋಷದ ಸಂಕೇತ ತೋರಿಸುವ ಡಯಾಗ್ನಾಸ್ಟಿಕ್ ಕಾರ್ಡಿಗಿಂತ ಮದರ್‌ಬೋರ್ಡಿಗೆ ಸಿಕ್ಕಿಸುವ ಪುಟ್ಟ ಸ್ಪೀಕರ್ ನನಗೆ ಇಷ್ಟ. ಅವಾರ್ಡ್ ಕಂಪನಿಯ ಬಯಾಸ್‌ (ಕಂಪ್ಯೂಟರನ್ನು ಮೊದಲು ಎಬ್ಬಿಸುವ ಸಾಫ್ಟ್‌ವೇರ್) ಇದ್ದು ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡಿನ ದೋಷ ಎಂದು ಕಿವಿಯೇ ಹೇಳುತ್ತದೆ. ಇಎಸ್‌ಆರ್ ತೋರಿಸುವ ಅಗ್ಗದ ಕಾಂಪೊನೆಂಟ್ ಟೆಸ್ಟರ್ ಕೊಳ್ಳಿ, ತಲೆ ಉಬ್ಬದೆಯೂ ಸತ್ತ ಕೆಪ್ಯಾಸಿಟರುಗಳಿರುತ್ತವೆ. ಚೀಟಿಯ ಮೇಲೆ 2002 ಎಂದು ಮುದ್ರಣವಾಗುತ್ತಿದ್ದರೆ ಬೇರೇನೂ ನೋಡಬೇಡಿ, ಬೋರ್ಡಿನ ಮೇಲೆ ಗಡಿಯಾರ ನಡೆಸುವ ಬಿಲ್ಲೆಯಾಕಾರದ ಸಿಆರ್2032 ಸೆಲ್ ಬದಲಿಸಿ.

ಧೂಳಿನ ಮಾತು ಬೇರೆ. ಬಳ್ಳಾರಿ ಕಡೆಯ ಕೆಂಪು ಅದಿರಿನ ಧೂಳು ಒಣಗಿದ್ದು, ಬ್ಲೋವರ್ ಹೊಡೆದರೆ ಹಾರುತ್ತದೆ. ರೈಸ್‌ಮಿಲ್ಲಿನ ಧೂಳಿನಲ್ಲಿ ತೌಡಿನ ಎಣ್ಣೆಯ ಅಂಶ ಇರುವುದರಿಂದ ಜಿಡ್ಡಾಗಿ ಕೂರುತ್ತದೆ. ಅದಕ್ಕೆ ಬ್ರಷ್ಷು ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್. ಮಿಲ್ಲಿನ ಕಂಪ್ರೆಸರಿನ ಗಾಳಿಯಲ್ಲಿ ನೀರಿನ ಹನಿಗಳೂ ಬರುತ್ತವೆ, ಹಮಾಲರು ಎಷ್ಟೇ ಪ್ರೀತಿಯಿಂದ ಪೈಪು ತಂದುಕೊಟ್ಟರೂ ಬೇಡ ಎನ್ನಿ.

ದುಡ್ಡಿನ ಲೆಕ್ಕ. ಪೈನ್‌ಸಿಲ್, ಅದಕ್ಕೊಂದು ಉಳಿ ಬಿಟ್, ಕೊರಿಯರ್ ಎಲ್ಲ ಸೇರಿ ನನಗೆ ಮೂರೂವರೆ ಸಾವಿರದ ಹತ್ತಿರ ತಗುಲಿತು. ಚಾರ್ಜರ್ ಮನೆಯಲ್ಲಿತ್ತು. ಅದನ್ನೂ ಕೊಳ್ಳುವುದಾದರೆ ಲೆಕ್ಕ ಬದಲಾಗುತ್ತದೆ, ಆಗ ಸ್ಟೇಷನ್ನೇ ಅಗ್ಗ. ಅಂಗಡಿ ಇಟ್ಟುಕೊಂಡು ಕುಳಿತಲ್ಲೇ ಕೆಲಸ ಮಾಡುವವರು ಸ್ಟೇಷನ್ ಕೊಂಡು 3.2ಡಿ ಬಿಟ್ ಹಾಕಿಸಿಕೊಳ್ಳಿ, ಪೆನ್ನಿನ ಆಸೆ ಬೇಡ. ಸಾವಿರ ರೂಪಾಯಿಯೊಳಗೇ ಮುಗಿಸಬೇಕೆಂದರೆ ಇಪ್ಪತ್ತೈದು ಮತ್ತು ಅರವತ್ತು ವಾಟಿನ ಎರಡನ್ನೂ ಕೊಂಡು, ಹಠಮಾರಿ ಕಾಲಿಗೆ ಎರಡೂ ಬದಿಯಿಂದ ಒಟ್ಟಿಗೆ ಹಿಡಿಯಿರಿ. ಬೋರ್ಡ್ ಹಿಡಿಯಲು ಇನ್ನೊಬ್ಬರು ಬೇಕಾಗುತ್ತದೆ. ನನ್ನ ಹಾಗೆ ಕಾಟಾದಿಂದ ಕಾಟಾಕ್ಕೆ ತಿರುಗುವವರು ಪೆನ್ನನ್ನೇ ತರಿಸಿ. ಮುಖ್ಯ ಸಾಮಾನಿನ ಜೊತೆಗೇ ಒಂದು ಹೆಚ್ಚಿನ ಬಿಟ್ಟನ್ನೂ ಹೇಳಿಬಿಡಿ. ಗಂಗಾವತಿಯ ಅಂಗಡಿಗಳಲ್ಲಿ ಅದು ನನಗೆ ಸಿಕ್ಕಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿದರೆ ಪೆನ್ನಿನದರ ಬದಲು ಸ್ಟೇಷನ್ನಿನ ಬಿಟ್ಟನ್ನು ತಂದುಕೊಡುತ್ತಾರೆ.