12 ಪರ್ಸೆಂಟ್ ಅಂದ್ರು, ಕಟ್ಟಿದ್ದು ಇಪ್ಪತ್ತೊಂದೂವರೆ

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಕ್ವಿಂಟಾಲ್ ತೊಗರಿಗೆ ಬೇಳೆ ಎಷ್ಟು ಬಿತ್ತು, ಹೊಟ್ಟು ಎಷ್ಟು, ತೇವ ಎಷ್ಟು, ದಿನವಿಡೀ ಪರ್ಸೆಂಟೇ ನನ್ನ ಕೆಲಸ. ಅಂಥವನೇ ಬೈಕ್ ಸಾಲದಲ್ಲಿ ಏಮಾರಿದೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಕಳೆದ ವರ್ಷ 60,000 ಸಾಲ ಮಾಡಿದೆ, 2 ವರ್ಷಕ್ಕೆ. ಫೈನಾನ್ಸ್ ಹುಡುಗ ಹೇಳಿದ್ದು ಇಷ್ಟೇ: "ನೂರಕ್ಕ ಒಂದೇ ರೂಪಾಯಿ ಅದರಿ ಅಣ್ಣಾ. ಹೊರಗ ಸಾವಕಾರ್ರು ಎರಡು ತಗೋತಾರ." ತಿಂಗಳಿಗೆ ನೂರಕ್ಕೆ ಒಂದು, ಅಂದರೆ ವರ್ಷಕ್ಕೆ 12 ಪರ್ಸೆಂಟ್. ಬಡ್ಡಿ ವರ್ಷಕ್ಕೆ 7,200, ಎರಡು ವರ್ಷಕ್ಕೆ 14,400, ತಿಂಗಳ ಕಂತು 3,100. ಬಾಯಲ್ಲೇ ಲೆಕ್ಕ ಹಾಕಿ ತಾಳೆ ನೋಡಿದೆ. ಸರಿಯಾಗಿತ್ತು. ಸಹಿ ಹಾಕಿದೆ.

12 ಕಂತು ಮುಗಿದ ಮೇಲೆ ತೊಗರಿ ಸೀಜನ್‌ನ ಬೋನಸ್ ಬಂತು. ಸಾಲ ತೀರಿಸಿಬಿಡೋಣ ಅಂತ ಹೋದೆ. ಅರ್ಧ ಅವಧಿ ಮುಗಿದಿದೆ, ಅಂದರೆ ಅಸಲು 30,000 ಉಳಿದಿರಬೇಕು ಅಲ್ವಾ? ಅವರು ತೋರಿಸಿದ್ದು 33,196. ಜಗಳಾಡಿ ಕಂತಿನ ಪಟ್ಟಿ ಪ್ರಿಂಟ್ ತೆಗೆಸಿದೆ. ಮೊದಲ ಕಂತಿನಲ್ಲೇ 1,078 ರೂಪಾಯಿ ಬಡ್ಡಿಗೆ ಹೋಗಿತ್ತು! ನೂರಕ್ಕೆ ಒಂದಾಗಿದ್ದರೆ 600 ಇರಬೇಕಿತ್ತು.

ಮನೆಗೆ ಬಂದು 24 ತಿಂಗಳ ಬಾಕಿಯನ್ನೂ ಕೂಡಿಸಿ ಸರಾಸರಿ ತೆಗೆದೆ. ಸುಮಾರು 33,400. ಅಸಲು ಪ್ರತಿ ತಿಂಗಳೂ ಕರಗುತ್ತಿತ್ತು. ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ 60,000ದ ಮೇಲೆ ಹಾಕಿದ್ದರು. ಇದಕ್ಕೇ ಫ್ಲ್ಯಾಟ್ ಬಡ್ಡಿ ಅನ್ನುವುದು. ನನ್ನ ಕೈಲಿ ನಿಜವಾಗಿ ಇದ್ದದ್ದು ಸರಾಸರಿ 33,400, ಅದಕ್ಕೆ ವರ್ಷಕ್ಕೆ 7,200. ನೂರಕ್ಕೆ ಇಪ್ಪತ್ತೊಂದೂವರೆ ಆಯ್ತು. ತಿಂಗಳಿಗೆ 1 ರೂಪಾಯಿ 80 ಪೈಸೆ. ಸಾವಕಾರನಿಗಿಂತ ಇಪ್ಪತ್ತು ಪೈಸೆ ಅಗ್ಗ, ಅಷ್ಟೇ!

ಉಳಿದ ಬಾಕಿಯ ಮೇಲೆ 12 ಪರ್ಸೆಂಟ್, ಅಂದರೆ ರೆಡ್ಯೂಸಿಂಗ್ ಆಗಿದ್ದರೆ ಕಂತು 2,824 ಬರುತ್ತಿತ್ತು. ಒಟ್ಟು ಬಡ್ಡಿ ಸುಮಾರು 7,800. ನಾನು ಒಪ್ಪಿದ್ದು ಹೆಚ್ಚುಕಡಿಮೆ ಅದರ ಎರಡರಷ್ಟು.

ಸಿಟ್ಟು ಅವರ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ. 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಕ್ಕೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್', ಅಂದರೆ ಸಾಲದ ಮುಖ್ಯ ವಿವರಗಳ ಹಾಳೆ, ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ಖರ್ಚು ಎಲ್ಲಾ ಸೇರಿದ ವಾರ್ಷಿಕ ದರ, ಎಪಿಆರ್ ಅಂತಾರೆ, ಅದರಲ್ಲಿರುತ್ತದೆ. ನನ್ನ ಫೈಲ್‌ನಲ್ಲೂ ಆ ಹಾಳೆ ಇತ್ತು. 600 ರೂಪಾಯಿ ಪ್ರೊಸೆಸಿಂಗ್ ಫೀಯೂ ಸೇರಿ 22.6 ಅಂತ ಬರೆದಿತ್ತು. ಕೆಳಗೆ ನನ್ನದೇ ಸಹಿ. ನೀವು ಹುಡುಗನ ಮಾತು ಬಿಡಿ, ಆ ಒಂದು ಸಂಖ್ಯೆ ನೋಡಿ. ಬೇರೆ ಕಡೆಯ ಎಪಿಆರ್ ಜೊತೆ ಹೋಲಿಸಿ. ಹಾಳೆ ಕೊಡದಿದ್ದರೆ ಎದ್ದು ಬನ್ನಿ.

ಕೊನೆಗೆ ಸಾಲ ಮುಗಿಸುವ ದಿನ ಅವನು, "ಕ್ಲೋಸಿಂಗ್ ಚಾರ್ಜ್ ನಾಕು ಪರ್ಸೆಂಟ್ ರೀ" ಅಂದ. "ಯಾವುದರ ಮೇಲಪ್ಪಾ, ಅರವತ್ತರ ಮೇಲೋ, ಮೂವತ್ಮೂರರ ಮೇಲೋ?" ಅಂತ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಒಳಗೆ ಕೇಳೋಕೆ ಹೋದ.