ಫೈಬರ್ ಬಾಡಿಗೆ ತುಕ್ಕು ಹಿಡಿಯಲ್ಲ ಅಂದರೆ ನಂಬಿ ಬಿಡಬೇಡಿ, ಅಡಿ ಬಗ್ಗಿ ನೋಡಿ

ಹಳೇ ಸ್ಪೋರ್ಟ್ಸ್ ಕಾರು ತಗೊಂಡು ಮನೆ ಅಂಗಳದಲ್ಲೇ ರಿಪೇರಿ ಮಾಡಿಕೊಳ್ಳೋಣ ಅಂತ ಆಸೆ ಇಟ್ಟುಕೊಂಡವರು, ಅದರಲ್ಲೂ ನಮ್ಮ ಕರಾವಳಿ ಕಡೆಯವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಮೇ ತಿಂಗಳಲ್ಲಿ ನನ್ನ ತಂಗಿಯ ಮಗ ಕಾರಿನಡಿ ಸಿಕ್ಕಿ ಜಜ್ಜಿಹೋಗುವುದು ಒಂದು ಗೇಣಿನಲ್ಲಿ ತಪ್ಪಿತು. ಅವನಿಗೆ ಹದಿನೇಳು ವರ್ಷ. ಆಮೇಲೆ ಎಷ್ಟೋ ರಾತ್ರಿ ನಾನು ಸರಿಯಾಗಿ ಮಲಗಿಲ್ಲ.

ಕಾರು ಸ್ಯಾನ್ ಸ್ಟಾರ್ಮ್. ನೋಡಿಲ್ಲದವರಿಗೆ ಹೇಳುತ್ತೇನೆ: 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ತಯಾರಾಗಲು ಶುರುವಾದ, ಎರಡೇ ಸೀಟಿನ, ಮೇಲಿನ ಹೊದಿಕೆ ತೆಗೆದು ಓಡಿಸುವ ಪುಟ್ಟ ಗಾಡಿ. ಎಂಜಿನ್ ರೆನೋ ಕಂಪನಿಯದು, 1149 ಸಿಸಿ. ನಾನು ಕಾಲೇಜಿಗೆ ಹೋಗುವಾಗ ಕಾರವಾರದ ಬೀಚ್ ಎದುರು ಹೈವೇಯಲ್ಲಿ ಒಂದು ಕೆಂಪು ಸ್ಟಾರ್ಮ್ ಹೋಗಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಹಾಗಾಗಿ ಗೋವಾದ ಕಾಣಕೋಣದ ಕಡೆ ಒಂದು ಮಾರಾಟಕ್ಕಿದೆ ಅಂತ ಗೊತ್ತಾದ ದಿನವೇ ಕಾಳಿ ಸೇತುವೆ ದಾಟಿ, ಮಾಜಾಳಿ ಗಡಿ ದಾಟಿ ಹೊರಟೆ. ಮನಸ್ಸಿನಲ್ಲಿ ಆಗಲೇ ತಗೊಂಡಾಗಿತ್ತು. ಅದೇ ನನ್ನ ಮೊದಲ ತಪ್ಪು.

ಮಾರುವವನು ಹೇಳಿದ್ದು ಇಷ್ಟು: "ಫೈಬರ್ ಬಾಡಿ ಸರ್, ಸಮುದ್ರದ ಬಾಯಲ್ಲಿಟ್ಟರೂ ತುಕ್ಕು ಹಿಡಿಯೋ ಮಾತೇ ಇಲ್ಲ. ಕೆಳಗೂ ಹೊಸ ಕೋಟಿಂಗ್ ಹೊಡೆಸಿದ್ದೇನೆ." ಬಗ್ಗಿ ನೋಡಿದೆ. ಅಡಿಯೆಲ್ಲ ಮಿರಮಿರ ಕಪ್ಪು. ಒಳ್ಳೆಯದೇ ಆಯ್ತು ಅಂದುಕೊಂಡು 1 ಲಕ್ಷ 80 ಸಾವಿರ ಕೊಟ್ಟು ತಂದೆ. ಫೈಬರ್‌ಗೆ ತುಕ್ಕು ಹಿಡಿಯುವುದಿಲ್ಲ ಅನ್ನುವುದು ನಿಜವೇ. ಆದರೆ ಆ ಫೈಬರ್ ಕೂತಿರುವುದು ಚಾಸಿ ಅನ್ನುವ ಕಬ್ಬಿಣದ ಚೌಕಟ್ಟಿನ ಮೇಲೆ. ಮೇಲಿನದು ಹೊಳೆಯುತ್ತಾ ಇರುವುದರಿಂದಲೇ ಕೆಳಗಿನದರ ಗತಿ ಏನಾಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ತಗಡಿನ ಬಾಡಿಯ ಕಾರಾದರೆ ಬಾಗಿಲ ಅಂಚಿನಲ್ಲಿ, ಚಕ್ರದ ಕಮಾನಿನಲ್ಲಿ ಪೇಂಟ್ ಗುಳ್ಳೆ ಎದ್ದು ಮೊದಲೇ ಸೂಚನೆ ಕೊಡುತ್ತದೆ. ಇಲ್ಲಿ ಆ ಸೂಚನೆಯೇ ಇಲ್ಲ.

ಕಾರವಾರದ ಕೋಡಿಬಾಗದ ನಮ್ಮ ಮನೆಯಲ್ಲಿ ಚಿರೇಕಲ್ಲು ಹಾಸಿದ ಅಂಗಳ ಇದೆ, ಮೇಲೆ ಶೀಟಿನ ಮಾಡು. ಅವತ್ತು ಭಾನುವಾರ, ಹಿಂದಿನ ಬ್ರೇಕ್ ಪೈಪ್ ಬದಲಿಸಲು ಕೂತಿದ್ದೆವು. ಬಾಗಿಲಿನ ಹಿಂದೆ ಚಾಸಿ ಪೈಪಿನ ಕೆಳಗೆ ಜಾಕ್ ಕೊಟ್ಟು ಎತ್ತಿದೆ. ಹುಡುಗ ಟಾರ್ಚ್ ಹಿಡಿದು ಅಡಿಗೆ ಸರಿದಿದ್ದ. ನಟ್ಟು ಜಗ್ಗುತ್ತಿರಲಿಲ್ಲ. ನಾನು ಸ್ಪ್ಯಾನರ್‌ಗೆ ಜೋರು ಕೊಟ್ಟೆ, ಗಾಡಿ ಸ್ವಲ್ಪ ಅಲುಗಾಡಿತು, ಹಪ್ಪಳ ಮುರಿದ ಹಾಗೆ ಒಂದು ಸದ್ದಾಯಿತು. ಜಾಕ್ ಜಾರಲಿಲ್ಲ, ನಿಂತಲ್ಲೇ ನಿಂತಿತ್ತು. ಗಾಡಿಯೇ ಅದರ ಮೇಲೆ ಕುಸಿದು, ಜಾಕಿನ ತಲೆ ಪೈಪಿನೊಳಗೆ ಹೊಕ್ಕಿತು.

ಹುಡುಗನನ್ನು ಉಳಿಸಿದ್ದು ಸ್ಟೆಪ್ನಿ. ನಮ್ಮ ಅಪ್ಪ ಲಾರಿ ಓಡಿಸಿದವರು. ಗಾಡಿ ಎತ್ತಿದ ಕೂಡಲೇ ಸ್ಟೆಪ್ನಿಯನ್ನು ಅಡಿಗೆ ಮಲಗಿಸಿಡಬೇಕು ಅಂತ ಚಿಕ್ಕಂದಿನಲ್ಲಿ ಬೈದು ಬೈದು ಕಲಿಸಿದ್ದರು. ಅವತ್ತು ಯೋಚನೆ ಮಾಡಿ ಇಟ್ಟಿದ್ದಲ್ಲ, ಕೈ ತಾನಾಗಿ ಇಟ್ಟಿತ್ತು. ಗಾಡಿ ಆ ಟೈರಿನ ಮೇಲೆ ಕೂತಿತು. ಗಾಡಿಗೂ ನೆಲಕ್ಕೂ ನಡುವೆ ಉಳಿದ ಜಾಗದಲ್ಲಿ ಟಾರ್ಚಿನ ಬೆಳಕು ಮಾತ್ರ ಕಾಣುತ್ತಿತ್ತು. "ಮಾವಾ, ನಂಗೇನೂ ಆಗ್ಲಿಲ್ಲ, ಜಾಕ್ ಮುಟ್ಟಬೇಡ" ಅಂತ ಒಳಗಿಂದ ಅವನ ದನಿ ಬರುವವರೆಗೆ ನನ್ನ ಜೀವ ನನ್ನಲ್ಲಿ ಇರಲಿಲ್ಲ. ಮೊಣಕೈ ಹತ್ತಿರ ಚರ್ಮ ಸುಲಿದು ಹೋಗಿತ್ತು, ಅಷ್ಟೇ. ತಂಗಿಗೆ ಅವತ್ತೇ ಎಲ್ಲ ಹೇಳಿದೆ. ಅವಳು ಒಂದು ಮಾತೂ ಆಡದೆ ಮಗನ ಕೈ ತೊಳೆದಳು.

ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ ಕಾರವಾರ ಬಂದರಿನ ಬೈತಖೋಲದಲ್ಲಿ ಬೋಟುಗಳ ರಿಪೇರಿ ಜೋರು. ಅಲ್ಲಿ ಕೆಲಸ ಮಾಡುವ ಹಿರಿಯ ವೆಲ್ಡರ್ ಒಬ್ಬರನ್ನು ಸಂಜೆ ಮನೆಗೆ ಕರೆದುಕೊಂಡು ಬಂದೆ. ಅವರು ಚಿಕ್ಕ ಸುತ್ತಿಗೆ ಹಿಡಿದು ಪೈಪಿನ ಉದ್ದಕ್ಕೂ ತಟ್ಟುತ್ತಾ ಹೋದರು. ಮುಂದಿನ ಭಾಗದಲ್ಲಿ ಟಣ್ ಟಣ್. ಬಾಗಿಲ ಹತ್ತಿರ ಬರುವಾಗ ಸದ್ದು ಬದ್ ಬದ್ ಅಂತ ಸತ್ತುಹೋಯಿತು. ಅಲ್ಲಿ ಉಳಿಯಿಂದ ಎಬ್ಬಿದಾಗ ಕಪ್ಪು ಕೋಟಿಂಗ್ ಚಕ್ಕೆ ಚಕ್ಕೆಯಾಗಿ ಬಂತು. ಅದರಡಿ ಪುಟ್ಟಿ, ಪುಟ್ಟಿಯಡಿ ಫೈಬರ್ ಮ್ಯಾಟಿನ ತುಂಡು, ಅದರ ಹಿಂದೆ ತೂತಿನೊಳಗೆ ಮುದುಡಿ ತುರುಕಿದ ಪೇಪರ್. ಬಿಡಿಸಿ ನೋಡಿದರೆ ಮರಾಠಿ ಪೇಪರ್, ತಾರೀಖು ಇನ್ನೂ ಓದುವ ಹಾಗಿತ್ತು. ನಾನು ಗಾಡಿ ತಂದ ದಿನಕ್ಕಿಂತ ಎರಡು ವಾರ ಹಿಂದಿನದು.

ಆ ತಾರೀಖು ನೋಡಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಕಬ್ಬಿಣ ತೂತು ಬಿದ್ದಿದೆ ಅಂತ ಗೊತ್ತಿದ್ದೇ ಪೇಪರ್ ತುರುಕಿ ಬಣ್ಣ ಬಳಿದಿದ್ದಾನೆ. ಆ ಗಾಡಿಯಲ್ಲಿ ಮನುಷ್ಯರು ಕೂರುತ್ತಾರೆ ಅಂತಲೂ ಗೊತ್ತಿತ್ತು. ವೆಲ್ಡರ್ ಅಂದಿದ್ದು ಒಂದೇ ಮಾತು: "ಮಾರಾಯಾ, ಬೋಟಿಗೆ ಹೀಗೆ ಮಾಡಿದ್ರೆ ಜನ ಸಮುದ್ರದಲ್ಲೇ ಹೋಗ್ತಾರೆ."

ಅವರು ಬಿಡಿಸಿ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. ಉಪ್ಪು ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಮಳೆ ಇಲ್ಲದ ದಿನವೂ ಉಪ್ಪು ಕೂತ ಕಬ್ಬಿಣ ಒದ್ದೆಯಾಗಿಯೇ ಇರುತ್ತದೆ. ತುಕ್ಕನ್ನು ಕೆರೆದು ತೆಗೆಯದೆ ಮೇಲೆ ಡಾಂಬರಿನಂಥ ಕೋಟಿಂಗ್ ಹೊಡೆದರೆ ಆ ಒದ್ದೆ ಒಳಗೇ ಸಿಕ್ಕಿಬೀಳುತ್ತದೆ. ಚಾಸಿ ಪೈಪಿಗೆ ನೀರಿಳಿಯಲು ಸಣ್ಣ ತೂತುಗಳಿದ್ದರೆ ಕೋಟಿಂಗ್ ಅವನ್ನೂ ಮುಚ್ಚಿಬಿಡುತ್ತದೆ. ಆಮೇಲೆ ಪೈಪ್ ಒಳಗಿನಿಂದಲೇ ತಿಂದುಹೋಗುತ್ತದೆ, ಹೊರಗೆ ಕಪ್ಪು ಬಣ್ಣ ಹಾಗೇ ಮಿಂಚುತ್ತಿರುತ್ತದೆ. ಇದರಲ್ಲಿ ಸ್ಟಾರ್ಮ್‌ನ ತಪ್ಪೇನಿಲ್ಲ. ಸಮುದ್ರದ ಪಕ್ಕ ಇಪ್ಪತ್ತು ವರ್ಷ ನಿಂತ ಯಾವ ಗಾಡಿಗಾದರೂ ಇದೇ ಆಗುತ್ತದೆ.

ಆದ್ದರಿಂದ ನೋಡಲು ಹೋಗುವಾಗ ಸುತ್ತಿಗೆ, ಗಟ್ಟಿ ಸ್ಕ್ರೂಡ್ರೈವರ್, ಒಂದು ಅಯಸ್ಕಾಂತ ಒಯ್ಯಿರಿ. ಅಯಸ್ಕಾಂತವನ್ನು ಚಾಸಿಗೆ ಹಿಡಿಯಿರಿ. ದಪ್ಪಗೆ ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ. ಕಾರಿನೊಳಗೆ ಕಾಲಡಿಯ ಮ್ಯಾಟ್ ಎತ್ತಿ, ಒದ್ದೆ ವಾಸನೆ ಬರುತ್ತದಾ ಅಂತ ಮೂಸಿ ನೋಡಿ. ಕೋಟಿಂಗ್ ಹೊಸದಾಗಿದ್ದಷ್ಟೂ ಅನುಮಾನ ಹೆಚ್ಚಿರಲಿ, ಹೊಡೆಸುವ ಮೊದಲು ತೆಗೆದ ಫೋಟೋ ಕೇಳಿ. ತಟ್ಟಿ ನೋಡಲು ಬಿಡುವುದಿಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಮನೆಯಲ್ಲಿ ಎತ್ತುವಾಗ ಜಾಕ್ ಇಡುವ ಜಾಗ ಮೊದಲು ತಟ್ಟಿ, ನಡುವೆ ಅಗಲದ ಹಲಗೆ ಇಡಿ. ಬರೀ ಜಾಕಿನ ಮೇಲೆ ಬಿಟ್ಟು ಯಾರೂ ಅಡಿಗೆ ಹೋಗಕೂಡದು. ಎರಡು ಸ್ಟ್ಯಾಂಡ್ ಕೊಡಿ, ಸ್ಟೆಪ್ನಿ ಮಲಗಿಸಿ, ಗಾಡಿ ಅಲುಗಾಡಿಸಿ ನೋಡಿ, ಆಮೇಲೆ ಹೋಗಿ. ಮಕ್ಕಳನ್ನು ಅಡಿಗೆ ಕಳಿಸಲೇಬೇಡಿ.

ಫೈಬರ್ ಬಾಡಿ ಇರುವಾಗ ಅದರ ಪಕ್ಕದಲ್ಲೇ ವೆಲ್ಡಿಂಗ್ ಮಾಡಿಸಲೂ ಹೋಗಬೇಡಿ, ಫೈಬರ್‌ನಲ್ಲಿರುವ ರಾಳಕ್ಕೆ ಬೆಂಕಿ ಹತ್ತುತ್ತದೆ. ನಾವು ಬಾಡಿ ಬಿಚ್ಚಿ ಎತ್ತಿಟ್ಟು, ಪೆಟ್ರೋಲ್ ಟ್ಯಾಂಕ್ ಇಳಿಸಿ, ಬ್ಯಾಟರಿ ಕಳಚಿ ಕೆಲಸ ಹಿಡಿದೆವು. ಇಲ್ಲಿಯವರೆಗೆ 62 ಸಾವಿರ ಹೋಗಿದೆ, ಅರ್ಧ ಕೆಲಸವೂ ಮುಗಿದಿಲ್ಲ.

ಕಾಗದದ ವಿಷಯದಲ್ಲೂ ಎಡವಿದೆ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನನ್ನದು ಯಾವಾಗಲೋ ಮುಗಿದಿದೆ. ಗೋವಾದಲ್ಲಿ ನವೀಕರಣ, ಅಲ್ಲಿಯ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಇಲ್ಲಿಯ ತೆರಿಗೆ, ಇಷ್ಟಾದ ಮೇಲೆ ಕಾರವಾರದ ಕೆಎ 30 ನಂಬರು. ದುಡ್ಡು ಕೊಡುವ ಮೊದಲೇ ಆರ್‌ಸಿಯ ಕೊನೇ ತಾರೀಖು ನೋಡಿ.

ಪೇಪರಿನ ಆ ತುಂಡು, ಕತ್ತರಿಸಿ ತೆಗೆದ ಪೈಪು ಎರಡನ್ನೂ ಇಟ್ಟುಕೊಂಡಿದ್ದೇನೆ. ಕಾರವಾರ, ಅಂಕೋಲಾ, ಕುಮಟಾ ಸುತ್ತ ಯಾರಾದರೂ ಇಂಥ ಗಾಡಿ ನೋಡಲು ಹೊರಟಿದ್ದರೆ ಹೇಳಿ, ಸುತ್ತಿಗೆ ಹಿಡಿದುಕೊಂಡು ನಿಮ್ಮ ಜೊತೆ ಬರುತ್ತೇನೆ.